ಲಾಂಚಿನ ಅಪ್ಪ ಹಡಗು ಹತ್ತಿದ್ದು

ಅಪ್ಪ ಊರಿನಿಂದ ಡಚ್ಚರ ನಾಡಿನ ನಮ್ಮ ಮನೆಗೆ ಬಂದು ತಿಂಗಳಾಗುವ ಹೊತ್ತಿಗೆ ತೋರಿಸಲು ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಆಮ್ಸ್ಟೆಲ್‌ವೀನಿನಿಂದ ಟ್ರಾಮ್ ಹತ್ತಿಸಿ ಊರು ಸುತ್ತಿಸಿದ್ದೆ, ಕಾಲುವೆಯ ದೋಣಿಯಲ್ಲಿ ಕೂರಿಸಿದ್ದೆ, ಗಾಳಿಯಂತ್ರದ ಮುಂದೆ ನಿಲ್ಲಿಸಿ ಫೋಟೋ ತೆಗೆದಿದ್ದೆ. ಎಲ್ಲದಕ್ಕೂ ಅವರದು ಒಂದೇ ಮಾತು, "ಚೆನಾಗಿದೆ ಬಿಡು." ಆ 'ಬಿಡು' ಕೇಳಿ ಕೇಳಿ ನನಗೆ ಸಾಕಾಗಿತ್ತು. ಅಷ್ಟು ದೂರದಿಂದ ಕರೆಸಿಕೊಂಡ ಮನುಷ್ಯ ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ಊರಿನ ಸುದ್ದಿ ನೋಡುತ್ತಿದ್ದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಮಗಳ ಬೇಸಿಗೆ ರಜೆಗೆ ಸ್ಕಾಟ್ಲೆಂಡಿಗೆ ಒಂದು ವಾರ ಹೋಗುವುದೆಂದು ಮೊದಲೇ ಮಾತಾಗಿತ್ತು. ಅಪ್ಪನಿಗೆ ಊರಿನಲ್ಲೇ ಬ್ರಿಟನ್ನಿನ ವೀಸಾ ಮಾಡಿಸಿದ್ದೆ. ಇಲ್ಲಿಂದ ಹೋಗಿ ಮತ್ತೆ ಒಳಗೆ ಬರಲು ಅವಕಾಶವಿರುವ ವೀಸಾ ಇದೆಯೇ ಎಂದು ಮೂರು ಸಲ ನೋಡಿಟ್ಟುಕೊಂಡಿದ್ದೆ. ಒಂದು ಸಂಜೆ ವಿಮಾನದ ಟಿಕೆಟ್ ಹುಡುಕುತ್ತಿದ್ದಾಗ ಅಪ್ಪ ಪಕ್ಕದಿಂದ ಇಣುಕಿದರು.

"ಕಾರು ಎಂತ ಮಾಡ್ತೀಯ?"

"ಅಲ್ಲಿ ಬಾಡಿಗೆಗೆ ತಗೊಳ್ಳೋದು, ಅಪ್ಪ."

"ಮನೆ ಕಾರು ಇಟ್ಕೊಂಡು ಬಾಡಿಗೆ ಕಾರು ಎಂತಕ್ಕೆ?"

ಒಂಬತ್ತು ವರ್ಷದ ಮಗಳು ತಲೆ ಎತ್ತದೆ ಹೇಳಿದಳು, "ಅಜ್ಜ, ಬೋಟಲ್ಲಿ ಕಾರ್ ತಗೊಂಡು ಹೋಗಬಹುದು. ಐಮೌಡನ್ ಇಂದ. ನನ್ನ ಫ್ರೆಂಡ್ ಎವ್ರಿ ಇಯರ್ ಹೋಗ್ತಾಳೆ, ವಿತ್ ಕ್ಯಾರವಾನ್."

ಅಪ್ಪ ಮೊಬೈಲು ಕೆಳಗಿಟ್ಟರು. "ಒಂದು ಸಲಕ್ಕೆ ಎಷ್ಟು ಗಾಡಿ ಹಿಡಿಸ್ತದೆ?"

ಒಂದು ತಿಂಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಅದಾದ ಮೇಲೆ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಲಾರಿ ಮೊದಲಾ ಕಾರು ಮೊದಲಾ? ಬಾಗಿಲು ಹಿಂದೆಯೋ ಮುಂದೆಯೋ? ಗಾಡಿ ತಿರುಗಿಸಲು ಒಳಗೆ ಜಾಗ ಇದೆಯಾ, ಇಲ್ಲ ಹಿಮ್ಮುಖವಾಗಿ ಇಳಿಸುತ್ತಾರಾ? ಒಂದು ತಾಸಿನ ವಿಮಾನ ಬಿಟ್ಟು ಹದಿನೈದು ತಾಸಿನ ಹಡಗಿಗೆ ಟಿಕೆಟ್ ಮಾಡಿಸಿದೆ. ಗಂಡ ಮಾತ್ರ, ನೀರಿನ ಮೇಲೆ ಹೋದರೆ ಹೊಟ್ಟೆ ತೊಳಸುತ್ತದೆ ಎಂದು ಆಫೀಸಿನ ನೆಪ ಹೇಳಿ ಮನೆಯಲ್ಲೇ ಉಳಿದರು.

ಅಪ್ಪನ ಈ ಉತ್ಸಾಹಕ್ಕೆ ಕಾರಣವಿತ್ತು. ಅವರು ದುಡಿದದ್ದೆಲ್ಲ ನಮ್ಮ ಕಡೆಯ ಹಿನ್ನೀರಿನ ಲಾಂಚಿನಲ್ಲಿ. ಅಣೆಕಟ್ಟಿನ ನೀರು ನಿಂತು ರಸ್ತೆ ಮುಳುಗಿದ ಮೇಲೆ, ಆ ದಡದಿಂದ ಈ ದಡಕ್ಕೆ ಬಸ್ಸು, ಕಾರು, ಬೈಕು, ಜನ ಎಲ್ಲರನ್ನೂ ದಾಟಿಸುತ್ತಿದ್ದದ್ದು ಆ ಚಪ್ಪಟೆ ಲಾಂಚು. ಚಾಲಕ ಬೇರೆ, ಟಿಕೆಟ್ಟಿನವರು ಬೇರೆ. ಗಾಡಿಗಳನ್ನು ಹತ್ತಿಸಿ ಎಲ್ಲಿ ಯಾವುದು ನಿಲ್ಲಬೇಕೆಂದು ಹೇಳುವುದು ಅಪ್ಪನ ಕೆಲಸ. ಬಾಯಲ್ಲಿ ಸೀಟಿ, ಕೈಯಲ್ಲಿ ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು. ಈಗ ಅಲ್ಲಿ ಸೇತುವೆಯಾಗಿದೆ. ಅಪ್ಪ ಅದಕ್ಕೆ ಮೊದಲೇ ನಿವೃತ್ತರಾಗಿದ್ದರು, ಆದರೂ ಸೇತುವೆಯ ಬಗ್ಗೆ ಕೇಳಿದರೆ "ಒಳ್ಳೇದಾಯ್ತು, ಜನಕ್ಕೆ ಕಾಯೋದು ತಪ್ತು" ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಐಮೌಡನ್ ಬಂದರಿನಲ್ಲಿ ಕಾರುಗಳನ್ನು ಉದ್ದುದ್ದ ಸಾಲುಗಳಲ್ಲಿ ನಿಲ್ಲಿಸಿದ್ದರು. ಡಚ್ಚರು ಕಾರಿನ ಹಿಂದೆ ಕಟ್ಟಿಕೊಂಡು ಬಂದ ಪುಟ್ಟ ಮನೆಯಂಥ ಕ್ಯಾರವಾನಿನಿಂದ ಮಡಚುವ ಕುರ್ಚಿ ಹೊರತೆಗೆದು, ಮನೆಯ ಅಂಗಳ ಎಂಬಂತೆ ಕೂತು ಕಾಫಿ ಕುಡಿಯುತ್ತಿದ್ದರು. ಅಪ್ಪ ಒಂದು ಕಡೆ ಕೂರಲಿಲ್ಲ. ಸಾಲಿನಿಂದ ಸಾಲಿಗೆ ಕೈ ಹಿಂದೆ ಕಟ್ಟಿಕೊಂಡು ಓಡಾಡಿ ಬಂದು ವರದಿ ಒಪ್ಪಿಸಿದರು. ಎತ್ತರದ ಗಾಡಿಗೆ ಒಂದು ಸಾಲು, ಗಿಡ್ಡ ಗಾಡಿಗೆ ಇನ್ನೊಂದು. ಕನ್ನಡಿಗೆ ನೇತುಹಾಕಿದ ಚೀಟಿಯ ಬಣ್ಣ ನೋಡಿ ಹಡಗಿನ ಯಾವ ಅಂತಸ್ತಿಗೆ ಎಂದು ಗೊತ್ತಾಗುತ್ತದೆ. "ಲಾರಿಯೆಲ್ಲ ಆಗ್ಲೇ ಕೆಳಗೆ ಹೋಯ್ತು. ಭಾರ ಅಡಿಗೆ ಇರ್ಬೇಕು, ನೋಡು," ಎಂದರು. ಅವರ ಮುಖದಲ್ಲಿ ನಾನು ಎಷ್ಟೋ ದಿನಗಳಿಂದ ಕಾಣದಿದ್ದ ಖುಷಿ ಇತ್ತು. ನನಗೂ ಸಂತೋಷವಾಯಿತು, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಏಕೆಂದರೆ ನಾನು ತೋರಿಸಿದ ಯಾವುದಕ್ಕೂ ಅವರು ಹೀಗೆ ಅರಳಿರಲಿಲ್ಲ.

ನಮ್ಮ ಸರದಿ ಬಂತು. ಕಬ್ಬಿಣದ ಇಳಿಜಾರು ಹತ್ತಿ ಹಡಗಿನ ಹೊಟ್ಟೆಯೊಳಗೆ ಹೋದೆವು. ಕಿತ್ತಳೆ ಜಾಕೆಟ್ಟಿನ, ಕೆಂಪು ಗಡ್ಡದ ಒಬ್ಬ ನೌಕರ ಎರಡು ಬೆರಳಲ್ಲೇ ಸನ್ನೆ ಮಾಡಿ ನನ್ನ ಕಾರನ್ನು ಮುಂದಿನ ಕಾರಿಗೆ ಒತ್ತಿದಂತೆ ನಿಲ್ಲಿಸಿದ. ಇಂಜಿನ್ ನಿಲ್ಲಿಸಿ ತಕ್ಷಣ ಮೇಲೆ ಹೋಗಬೇಕು, ಹಡಗು ಹೊರಟ ಮೇಲೆ ಇಲ್ಲಿಗೆ ಬರುವಂತಿಲ್ಲ ಎಂದು ಧ್ವನಿವರ್ಧಕ ಮೂರು ಭಾಷೆಗಳಲ್ಲಿ ಕೂಗುತ್ತಿತ್ತು. ನಾನೂ ಮಗಳೂ ಚೀಲ ಎಳೆದುಕೊಂಡು ಇಳಿದೆವು. ತಿರುಗಿ ನೋಡಿದರೆ ಅಪ್ಪ ಇಲ್ಲ.

ಎರಡು ಸಾಲು ಆಚೆ ಒಂದು ದೊಡ್ಡ ಕ್ಯಾರವಾನ್ ಹಿಮ್ಮುಖವಾಗಿ ಬರುತ್ತಿತ್ತು. ಅಪ್ಪ ಅದರ ಹಿಂದೆ ನಿಂತಿದ್ದರು. ಗೋಡೆಗೂ ಕ್ಯಾರವಾನಿಗೂ ನಡುವೆ ಇದ್ದ ಜಾಗವನ್ನು ಕಣ್ಣಲ್ಲೇ ಅಳೆಯುತ್ತಿದ್ದದ್ದು ಅವರ ಕತ್ತು ವಾಲಿಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಕರೆಯುವುದರೊಳಗೆ ಅವರ ಅಂಗೈ ಕ್ಯಾರವಾನಿನ ಬೆನ್ನಿಗೆ ಧಡ್ ಎಂದು ಬಿತ್ತು. ಜೊತೆಗೆ ದೊಡ್ಡ ಗಂಟಲಲ್ಲಿ, "ಹೋಲ್ಡಾನ್!"

ನಮ್ಮೂರಿನಲ್ಲಾದರೆ ಅದು ಬಸ್ಸು ನಿಲ್ಲಿಸುವ ಮಾತು. ಇಲ್ಲಿ ಕ್ಯಾರವಾನಿನವನು ಯಾರ ಮೇಲೋ ಹತ್ತಿಸಿಬಿಟ್ಟೆ ಎಂದು ಗಾಬರಿಯಾಗಿ ಗಕ್ಕನೆ ನಿಂತ. ಅವನ ಹೆಂಡತಿ ಬಾಗಿಲು ತೆಗೆದು ಹೊರಬಿದ್ದಳು. ಹಿಂದಿನ ಸಾಲೆಲ್ಲ ಇಳಿಜಾರಿನ ಮೇಲೆ ನಿಂತುಬಿಟ್ಟಿತು. ಕೆಂಪು ಗಡ್ಡದವನು ಓಡಿ ಬಂದ. ಕೂಗಾಡಲಿಲ್ಲ, ಆದರೆ ಅಪ್ಪನ ತೋಳು ಹಿಡಿದು ಹಳದಿ ಗೆರೆಯ ಆಚೆ ತಂದು ನಿಲ್ಲಿಸಿ, ಇವರು ಯಾರ ಜೊತೆ ಬಂದವರು ಎಂದು ಡಚ್ಚಿನಲ್ಲಿ ಕೇಳಿದ. ಸುತ್ತಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಕ್ಷಮಿಸಿ. ವಯಸ್ಸಾಗಿದೆ. ಅವರಿಗೆ ಇದರ ಬಗ್ಗೆ ಏನೂ ಗೊತ್ತಿಲ್ಲ," ಎಂದು ನಾನೂ ಡಚ್ಚಿನಲ್ಲೇ ಹೇಳಿದೆ. ಆಮೇಲೆ ಕನ್ನಡದಲ್ಲಿ, ಹಲ್ಲು ಕಚ್ಚಿ, "ಅಪ್ಪ, ಇದು ನಿಮ್ಮ ಲಾಂಚಲ್ಲ. ಸುಮ್ನೆ ಬನ್ನಿ."

ಅವರು ಸುಮ್ಮನೆ ಬಂದರು. ಆ ಗಡಿಬಿಡಿಯಲ್ಲಿ ಚಪಾತಿ, ಪುಳಿಯೋಗರೆಯ ಚೀಲ ಕಾರಿನಲ್ಲೇ ಉಳಿಯಿತು. ನಾವು ಮೇಲೆ ಬರುತ್ತಲೇ ಕೆಳಗಿನ ಬಾಗಿಲುಗಳಿಗೆ ಬೀಗ ಬಿತ್ತು.

ಹಡಗು ಬಂದರು ಬಿಟ್ಟು ಹೊರಟಾಗ ಎಲ್ಲರೂ ಮೇಲಿನ ಅಂತಸ್ತಿಗೆ ಓಡಿದರು. ಅಪ್ಪ ಕ್ಯಾಬಿನ್ನಿನ ಹಾಸಿಗೆಯ ಅಂಚಿನಲ್ಲಿ ಕೂತರು. "ನೀವು ಹೋಗಿ ಬನ್ನಿ," ಎಂದರು. ಸಮುದ್ರದ ನಡುವೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಮಗಳು ಎಣಿಸಿ ಎಣಿಸಿ ಸೋತಳು. ನನಗೆ ಏನೂ ನೋಡಬೇಕೆನಿಸಲಿಲ್ಲ. ಅಪ್ಪ ಯಾಕೆ ಪ್ರಶ್ನೆ ಕೇಳುತ್ತಿಲ್ಲ ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು.

ರಾತ್ರಿ ಊಟಕ್ಕೆ ಆಲೂಗಡ್ಡೆ ಫ್ರೈಸ್ ಮತ್ತು ಬ್ರೆಡ್ಡು. ಅಪ್ಪ ಮೊದಲು ಒಂದನ್ನು ಎತ್ತಿ ನೋಡಿ, "ನಾನು ಗಾಡಿ ತಟ್ಟಿದ್ದಕ್ಕೆ ಅವ ಬೈದನಾ?" ಎಂದು ಮೊಮ್ಮಗಳನ್ನು ಕೇಳಿದರು. ನನ್ನನ್ನಲ್ಲ.

"ಇಲ್ಲ, ಅಜ್ಜ. ಅವನು ಯಾರ ಜೊತೆ ಬಂದ್ರು ಅಂತ ಕೇಳ್ದ. ಅಮ್ಮ ಸಾರಿ ಹೇಳಿದ್ಲು. ನಿಮಗೆ ಏಜ್ ಆಗಿದೆ, ಏನೂ ಗೊತ್ತಿಲ್ಲ ಅಂತ."

ನಾನು ಮಗಳ ಕಾಲು ಒತ್ತಿದೆ. ತಡವಾಗಿತ್ತು.

"ಹೌದಲ್ಲ. ಇಷ್ಟು ದೊಡ್ಡ ಹಡಗಿನ ಬಗ್ಗೆ ನಂಗೆ ಎಂತ ಗೊತ್ತು," ಎಂದರು ಅಪ್ಪ. ಬ್ರೆಡ್ಡಿನ ಅಂಚು ಮುರಿಯುತ್ತಾ, "ತಪ್ಪು ನಂದೇ. ಅವ ಒಂದು ಗೇಣು ಜಾಗ ಸಾಕು ಅಂತ ಲೆಕ್ಕ ಹಾಕಿದ್ದ. ನಾನು ಎರಡು ಗೇಣು ಬಿಡಿಸ್ತಿದ್ದೆ. ಅವಂದೇ ಸರಿ," ಎಂದು ಸೇರಿಸಿದರು. ಆಮೇಲೆ ತಟ್ಟೆ ನೋಡುತ್ತಾ ಊಟ ಮುಗಿಸಿದರು.

ಒಂದು ವಿಷಯ ಇಲ್ಲಿ ಹೇಳಿಬಿಡಬೇಕು. ಹೈಸ್ಕೂಲಿಗೆ ನಾನು ದಿನಾ ಅದೇ ಲಾಂಚಿನಲ್ಲಿ ದಾಟುತ್ತಿದ್ದೆ. ಗೆಳತಿಯರ ಜೊತೆ ಅಪ್ಪನಿಂದ ಆದಷ್ಟು ದೂರ, ಕಂಬಿಯ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಆ ಸೀಟಿ, ಆ ಗಂಟಲು, ಮಂಡಿಯ ಹತ್ತಿರ ಗ್ರೀಸ್ ಹತ್ತಿದ ಖಾಕಿ ಪ್ಯಾಂಟು, ಎಲ್ಲಕ್ಕೂ ನಾಚಿಕೆಯಾಗುತ್ತಿತ್ತು. ಇಲ್ಲಿಗೆ ಬಂದ ಮೇಲೂ ಆಫೀಸಿನಲ್ಲಿ ಯಾರಾದರೂ ಅಪ್ಪನ ಕೆಲಸ ಏನೆಂದು ಕೇಳಿದರೆ 'ಸಾರಿಗೆ ಇಲಾಖೆ' ಎಂದು ಹೇಳಿ ದಾಟಿಕೊಂಡಿದ್ದೇನೆ. ಆ ಮಧ್ಯಾಹ್ನ ನಾನು ಹೇಳಿದ್ದು ಗಾಬರಿಯಲ್ಲಿ ಬಾಯಿಗೆ ಬಂದ ಮಾತಲ್ಲ. ಬಹಳ ವರ್ಷಗಳಿಂದ ಬಾಯಲ್ಲೇ ಇದ್ದ ಮಾತು.

ಬೇಸಿಗೆಯಾದ್ದರಿಂದ ಊಟವಾದ ಮೇಲೂ ಹೊರಗೆ ಒಳ್ಳೆಯ ಬಿಸಿಲಿತ್ತು. ಒತ್ತಾಯ ಮಾಡಿ ಅಪ್ಪನನ್ನು ಮೇಲೆ ಕರೆದುಕೊಂಡು ಹೋದೆ. ಏನು ಮಾತಾಡಬೇಕೆಂದು ತಿಳಿಯದೆ, "ಅಪ್ಪ, ಲಾಂಚು ಒಂದು ಕಡೆ ವಾಲ್ತಿದೆ ಅಂತ ನಿಮಗೆ ಹ್ಯಾಗೆ ಗೊತ್ತಾಗ್ತಿತ್ತು?" ಎಂದು ಕೇಳಿದೆ. ಅವರ ಕೆಲಸದ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

ಅಪ್ಪ ನನ್ನನ್ನೊಮ್ಮೆ ನೋಡಿದರು. ಆಮೇಲೆ ಬೂಟು ಕಳಚಿ, ಕಾಲುಚೀಲ ಕಳಚಿ, ಹಡಗಿನ ನೆಲದ ಮೇಲೆ ಬರಿಗಾಲಲ್ಲಿ ನಿಂತರು.

"ಕಾಲಲ್ಲಿ ಗೊತ್ತಾಗ್ತದೆ. ಯಾವ ಹಿಮ್ಮಡಿಗೆ ಭಾರ ಬೀಳ್ತದೆ ನೋಡ್ಬೇಕು." ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತರು. "ಇದು ಒಂಚೂರು ಎಡಕ್ಕಿದೆ. ಗಾಳಿ ಬಲದಿಂದ ತಳ್ತಿದೆಯಲ್ಲ, ಅದಕ್ಕೆ."

ಮಗಳು ತಕ್ಷಣ ಬೂಟು ಬಿಚ್ಚಿದಳು. ನಾನೂ ಬಿಚ್ಚಿದೆ. ಕುರ್ಚಿಯಲ್ಲಿ ಕೂತಿದ್ದ ಇಂಗ್ಲಿಷ್ ಮುದುಕಿಯೊಬ್ಬಳು ನಮ್ಮ ಮೂವರ ಆರು ಪಾದಗಳನ್ನು ನೋಡಿ ಪತ್ರಿಕೆ ಮಡಚಿಟ್ಟಳು. ನನಗೆ ಹಿಮ್ಮಡಿಯಲ್ಲಿ ಏನೂ ತಿಳಿಯಲಿಲ್ಲ, ನೆಲ ತಣ್ಣಗಿದೆ ಎಂದಷ್ಟೇ ಗೊತ್ತಾಯಿತು.

"ಆಗ ನೀವೇನು ಮಾಡ್ತಿದ್ರಿ?"

"ಮತ್ತೆಂತ, ಜನರನ್ನ ಈಚೆ ಬನ್ನಿ ಅಂತ ಕರೆಯೋದು. ಇಪ್ಪತ್ತು ಜನ ಈಚೆ ಬಂದ್ರೆ ಸರಿ ಆಗ್ತಿತ್ತು. ಬಸ್ಸಿನವರನ್ನ ಇಳಿಸ್ತಿದ್ದದ್ದೂ ಅದಕ್ಕೇ. ಒಳಗೆ ಕೂತ್ರೆ ಕರೆದಾಗ ಬರಲಿಕ್ಕಾಗ್ತದಾ? ಇವರು ಇಲ್ಲಿ ಎಂತ ಮಾಡ್ತಾರೋ. ಅದನ್ನೇ ನೋಡ್ಬೇಕು ಅಂತ ನಾನು ಕೆಳಗೆ ನಿಂತದ್ದು."

ಮಾಹಿತಿಯ ಕೌಂಟರಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹೆಂಗಸು ನಕ್ಕು, ಹಡಗಿನ ಎರಡೂ ಬದಿಗೆ ನೀರಿನ ಟ್ಯಾಂಕುಗಳಿವೆ, ವಾಲಿದರೆ ಒಂದರಿಂದ ಇನ್ನೊಂದಕ್ಕೆ ನೀರು ಪಂಪು ಮಾಡುತ್ತಾರೆ ಎಂದಳು. ನಾನು ಬಂದು ಹೇಳಿದೆ. ಅಪ್ಪ ತೊಡೆ ತಟ್ಟಿ ನಕ್ಕರು. "ನೀರನ್ನೇ ಆಚೆ ಈಚೆ ಕಳಿಸ್ತಾರೆ! ನಾವು ಬಡವರು, ಜನರನ್ನ ಕಳಿಸ್ತಿದ್ವಿ."

ನಕ್ಕರು, ಆದರೆ ಪೂರ್ತಿ ಸರಿಹೋಗಿರಲಿಲ್ಲ. ಬೂಟಿನ ದಾರ ಕಟ್ಟುತ್ತಾ ಕೇಳಿದರು, "ನಾಳೆ ಗಾಡಿ ಇಳಿಸುವಾಗ ಆ ಗಡ್ಡದವನೇ ಇರ್ತಾನಾ?"

"ಇರಬಹುದು. ಯಾಕೆ?"

"ಎಂತ ಇಲ್ಲ. ಯಾವುದೋ ತಲೆಕೆಟ್ಟ ಮುದುಕ ಅಂದ್ಕೊಂಡಿರ್ತಾನೆ. ಬೇರೆ ಯಾರು ಅಂದ್ಕೊಂಡ್ರೂ ಅಡ್ಡಿ ಇರ್ಲಿಲ್ಲ."

ಬೆಳಿಗ್ಗೆ, ನಾವು ಇಳಿದು ಸ್ಕಾಟ್ಲೆಂಡಿನ ದಾರಿ ಹಿಡಿಯಬೇಕಿದ್ದ ನ್ಯೂಕಾಸಲ್ ಬಂದರು ಹತ್ತಿರವಾದಾಗ ಕಾರಿಗೆ ಹೋಗಲು ಕರೆದರು. ಅಪ್ಪ ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ಕೆಳಗೆ ಹೋದ ಮೇಲೆ ಅತ್ತಿತ್ತ ನೋಡದೆ ನೇರ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಪುಳಿಯೋಗರೆಯ ವಾಸನೆ ಕಾರನ್ನೆಲ್ಲ ತುಂಬಿತ್ತು. ಕೆಂಪು ಗಡ್ಡದವನು ಚಕ್ರಗಳಿಗೆ ಅಡ್ಡ ಕೊಟ್ಟಿದ್ದ ತುಂಡುಗಳನ್ನು ಎಳೆದು ತೆಗೆಯುತ್ತಾ ನಮ್ಮ ಸಾಲಿನತ್ತ ಬಂದ.

ಇಷ್ಟು ಸಣ್ಣ ವಿಷಯಕ್ಕೆ ಹೆದರಿಕೆಯಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಗಾಜು ಇಳಿಸಿ ಅವನನ್ನು ಕರೆದೆ. ಡಚ್ಚಿನಲ್ಲಿ ಅಲ್ಲ, ಅಪ್ಪನಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಿನ್ನೆ ನಾನು ತಪ್ಪು ಹೇಳಿದೆ. ಇವರು ನನ್ನ ಅಪ್ಪ. ಇವರಿಗೆ ಈ ಕೆಲಸ ಗೊತ್ತು. ನಮ್ಮೂರಿನ ಲಾಂಚಿನಲ್ಲಿ ಮೂವತ್ತು ವರ್ಷ ಗಾಡಿಗಳನ್ನು ಹತ್ತಿಸಿ ಇಳಿಸಿದವರು.

ಅವನು ಬಗ್ಗಿ ಕಿಟಕಿಯಲ್ಲಿ ಅಪ್ಪನನ್ನು ನೋಡಿದ. "ಎಷ್ಟು ಗಾಡಿ?" ಎಂದು ಕೇಳಿದ.

"ಒನ್ ಬಸ್. ಸಿಕ್ಸ್ ಕಾರ್. ಬೈಕ್, ಮೆನಿ," ಎಂದರು ಅಪ್ಪ, ಬೆನ್ನು ನೆಟ್ಟಗೆ ಮಾಡಿಕೊಂಡು. "ಪೀಪಲ್, ಟೂ ಮಚ್."

ಅವನು ನಕ್ಕ. ಜನರೇ ಯಾವಾಗಲೂ ಕಷ್ಟ, ಗಾಡಿಗಳಲ್ಲ ಎಂದ. ಅಪ್ಪ ಹೌದು ಹೌದು ಎಂದು ತಲೆ ಆಡಿಸಿದರು. ಅಷ್ಟರಲ್ಲಿ ದೊಡ್ಡ ಬಾಗಿಲು ತೆರೆದು ಬೆಳಕು ಒಳಗೆ ಬಂತು. ಅವನು ಮುಂದಿನ ಸಾಲಿಗೆ ನಡೆದ.

ಅಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಮೂವತ್ತಲ್ಲ. ಇಪ್ಪತ್ತಾರು."

"ಇರ್ಲಿ ಬಿಡಿ ಅಪ್ಪ. ಅವನಿಗೇನು ಗೊತ್ತಾಗುತ್ತೆ?"

"ಅವ ಆ ಕೆಲಸದವ. ಅವನ ಹತ್ರ ಸುಳ್ಳು ಹೇಳಬಾರ್ದು."

ನಮ್ಮ ಮುಂದಿನ ಕಾರು ಹೊರಟಿತ್ತು, ಹಿಂದಿನವನು ಹಾರ್ನ್ ಮಾಡುತ್ತಿದ್ದ. ನಾನು ಕಾರು ಕದಲಿಸಲಿಲ್ಲ. ತಲೆ ಹೊರಗೆ ಹಾಕಿ, ಇಡೀ ಅಂತಸ್ತಿಗೆ ಕೇಳುವ ಹಾಗೆ, ಇಪ್ಪತ್ತಾರು ವರ್ಷ, ಮೂವತ್ತಲ್ಲ ಎಂದು ಕೆಂಪು ಗಡ್ಡದವನಿಗೆ ಕೂಗಿ ಹೇಳಿದೆ. ಅವನು ಕೆಲಸ ನಿಲ್ಲಿಸಿ ತಿರುಗಿದ. ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡಿ, ಕೈಗವಸು ತೆಗೆದು, ಕೈ ಎತ್ತಿದ.