ಖಾಲಿ ಬಂದ ಡಬ್ಬಿ

ಬೆಳಿಗ್ಗೆ ಕಪಾಟಿನ ಹಿಂದಿನ ಸಾಲಿನಿಂದ ಒಂದು ಸ್ಟೀಲ್ ಡಬ್ಬಿ ಕೈಗೆ ಬಂತು. ಮುಚ್ಚಳ ತೆಗೆದೆ. ಒಳಗೆ ಏನೂ ಇಲ್ಲ. ಆದರೂ ಪಾಚಿಗಟ್ಟಿದ ನೀರಿನ ಸ್ಮೆಲ್ ಬಂದಂತಾಯಿತು...

ನಾವು ವಾಡಿ ಜಂಕ್ಷನ್ನಿನ ರೈಲು ಹಳಿ ಪಕ್ಕದಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಅಕ್ಕ ಅಕ್ವೇರಿಯಂ ಇಟ್ಟಿದ್ದರು. ಅದರಲ್ಲಿ ಸಣ್ಣ ಮೀನುಗಳ ನಡುವೆ ಒಂದು ಮುಷ್ಟಿಗಾತ್ರದ ಗೋಲ್ಡ್‌ಫಿಶ್. ಅವರ ಯಜಮಾನರು ತೀರಿಕೊಳ್ಳುವ ಮೊದಲು ತಂದದ್ದು. ಅಕ್ಕ ಅದನ್ನು 'ಸಾಹೇಬರು' ಎನ್ನುತ್ತಿದ್ದರು. ಗೂಡ್ಸ್ ಗಾಡಿ ಹೋದಾಗ ಟ್ಯಾಂಕಿನ ನೀರು ನಡುಗುತ್ತಿತ್ತು. ಸಾಹೇಬರು ಮಾತ್ರ ಅಲುಗದೆ ಅಕ್ಕನನ್ನೇ ನೋಡುತ್ತಿದ್ದರು. ಟು ಬಿ ಫ್ರ್ಯಾಂಕ್, ಆ ನೋಟಕ್ಕೆ ನಾನು ಹೆದರುತ್ತಿದ್ದೆ.

ನಮ್ಮ ಕಡೆ ಯಾರ ಡಬ್ಬಿಯನ್ನೂ ಖಾಲಿ ವಾಪಸು ಕೊಡುವುದಿಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಒಂದು ಚಳಿಗಾಲ, ಅಕ್ಕ ಕಳಿಸಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಶಹಾಬಾದಿನಲ್ಲಿದ್ದ ಅವರ ನಾದಿನಿ ವಾಪಸು ತಂದರು. ಒಳಗೆ ನೀರು, ನೀರಿನಲ್ಲಿ ಒಂದು ಮೀನು.

"ಅಕ್ಕಾ, ಇದನ್ನ ಒಂದಿಷ್ಟು ವಾರ ಬ್ಯಾರೆ ಟಬ್ಬಿನ್ಯಾಗ ಇಡ್ರಿ. ಕ್ವಾರಂಟೈನ್. ಮೀನ ಹಿಡಿಯೋ ಜಾಳಿಗಿ ಸುದ್ದಾ ಬ್ಯಾರೆ ಇರ್ಲಿ," ಎಂದೆ.

"ಏನ್ ತಂಗಿ, ನಿನ್ನ ಕಾನ್ವೆಂಟಿನ್ಯಾಗ ಮನೀಗಿ ಬಂದೋರ್ನ ಹೊರಗ ಕುಂದ್ರಸಂತ ಕಲಿಸ್ಯಾರೇನು?" ಎಂದು ನಕ್ಕು, ನಾದಿನಿಯ ಎದುರಿಗೇ ಡಬ್ಬಿಯನ್ನು ಟ್ಯಾಂಕಿಗೆ ಬಗ್ಗಿಸಿದರು, ನೀರಿನ ಸಮೇತ.

ಚಳಿ ಮುಗಿಯುವ ಮೊದಲೇ ಮೀನುಗಳು ತಿನ್ನುವುದನ್ನು ಬಿಟ್ಟವು. ಮೈಮೇಲೆ ಗಾಯವಿಲ್ಲ, ಕಲೆಯಿಲ್ಲ. ತಳದಲ್ಲಿ ಕೂತು ಬಾಯಿ ತೆರೆದು ಮುಚ್ಚಿ... ಒಂದೊಂದಾಗಿ ಸತ್ತವು. ಕಿವಿರು ಎತ್ತಿ ನೋಡಿದರೆ, ಕೆಂಪಗಿರಬೇಕಾದದ್ದು ಬಿಳಚಿಕೊಂಡಿತ್ತು. ಕಲಬುರಗಿಯ ಪಶು ಡಾಕ್ಟರರೊಬ್ಬರಿಗೆ ಫೋಟೊ ಕಳಿಸಿದೆ. ವೈರಸ್ ಇರಬೇಕು, ಇದಕ್ಕೆ ಔಷಧವಿಲ್ಲ, ಬರದಂತೆ ತಡೆಯುವುದಷ್ಟೇ ದಾರಿ ಎಂದರು. ಬದುಕಿ ಉಳಿದ ಮೀನು ಎಷ್ಟೇ ಹೆಲ್ದಿಯಾಗಿ ಕಂಡರೂ ರೋಗ ಹೊತ್ತ ಕ್ಯಾರಿಯರ್ ಆಗಿರಬಹುದು, ಯಾರಿಗೂ ಕೊಡಬೇಡಿ ಎಂದೂ ಹೇಳಿದರು.

ಎಲ್ಲಕ್ಕಿಂತ ಕೊನೆಗೆ ಸಾಹೇಬರು ಹೋದರು. ಅಕ್ಕ ಗಾಜಿಗೆ ಅಂಗೈ ಒತ್ತಿ, "ಈ ಸಲಾನೂ ಹೇಳದೇ ಹೋದ್ರಲ್ರಿ..." ಎಂದರು.

ಉಳಿದದ್ದು ಶಹಾಬಾದಿನ ಮೀನೊಂದೇ. ಅಷ್ಟು ದೊಡ್ಡ ಟ್ಯಾಂಕಿನಲ್ಲಿ ಥಳಥಳ ಹೊಳೆಯುತ್ತ ಈಜುತ್ತಿತ್ತು. ಬರಬರುತ್ತ ಅದೂ ಸಾಹೇಬರ ಮೂಲೆಗೆ ಬಂದು ನಿಂತು, ಅಲುಗದೆ ಅಕ್ಕನನ್ನು ನೋಡತೊಡಗಿತು. ಅಕ್ಕ ಅದಕ್ಕೆ ಹೆಸರಿಡಲಿಲ್ಲ, ಹಾಗಂತ ಅದನ್ನು ಉಪವಾಸ ಕೆಡವಲೂ ಇಲ್ಲ.

ಆಮೇಲೊಮ್ಮೆ ನಾನು ಈ ಡಬ್ಬಿಯಲ್ಲಿ ಎಳ್ಳುಂಡೆ ಕಳಿಸಿದೆ. ಅಕ್ಕ ಅದನ್ನು ಕುದಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಖಾಲಿ ತಂದರು. ಹೊಸ್ತಿಲು ದಾಟಲಿಲ್ಲ.

"ತಪ್ಪು ತಿಳ್ಕೋಬ್ಯಾಡ ತಂಗಿ. ನಮ್ಮ ಮನೀದು ಒಂದು ಹನೀನೂ ನಿಮ್ಮ ಮನೀಗಿ ಬರಬಾರ್ದು."

ನಮ್ಮ ಮನೆಯಲ್ಲಿ ಮೀನಿರಲಿಲ್ಲ. ನಾನು ಮತ್ತು ನಮ್ಮ ಯಜಮಾನರು, ಅಷ್ಟೇ. ಅಕ್ಕ ಹೆದರಿದ್ದು ಮೀನಿಗಾಗಿ ಅಲ್ಲ.

ಅಕ್ಕ ಹೋಗಿ ವರ್ಷಗಳಾದವು. ಆ ಪ್ರೀತಿಯಿಂದ ಬೈಯುವವರು ಈಗ ಯಾರೂ ಇಲ್ಲ. ಹೊರಗೆ ವರಾಂಡದಲ್ಲಿ ನಮ್ಮ ಯಜಮಾನರು ಪೇಪರ್ ಮಗುಚುವ ಸದ್ದು ಕೇಳುತ್ತಿದೆ. ಡಬ್ಬಿಗೆ ಏನೂ ಹಾಕದೆ, ಮುಚ್ಚಳ ಬಿಗಿದು, ಇದ್ದ ಜಾಗಕ್ಕೇ ಸರಿಸಿದೆ.