ಮಗಳು ಫಾರ್ಮಿನಲ್ಲಿ ಬರೆದ ಟಿ.ಬಿ.

"ಟಿ.ಬಿ. ಆಗಿತ್ತೇನವ್ವಾ ನಿನಗ?" ಮಗಳ ಎಂಬಿಬಿಎಸ್ ಪ್ರವೇಶದ ಆರೋಗ್ಯ ತಪಾಸಣೆಯಲ್ಲಿ ಡಾಕ್ಟರಮ್ಮ ಫಾರ್ಮ್ ನೋಡಿ ಕೇಳಿದಾಗ ನಾನು ಮಗಳನ್ನು ದುರುಗುಟ್ಟಿ ನೋಡಿದೆ. ಹಿಂದಿನ ಕಾಯಿಲೆ 'ಇಲ್ಲ' ಎಂದು ಬರೆ ಅಂತ ಸೇಡಂನಿಂದ ಕಲಬುರಗಿವರೆಗೂ ಬಸ್ಸಿನಲ್ಲಿ ಅವಳಿಗೆ ಹೇಳಿದ್ದೆ.

ಮಗಳೋ, ಆರು ತಿಂಗಳು ನುಂಗಿದ ಮಾತ್ರೆಗಳ ಹೆಸರು, ಅವುಗಳಿಂದ ಮೂತ್ರ ಕೇಸರಿಯಾದದ್ದು, ಎಲ್ಲವನ್ನೂ ಪಾಠದಂತೆ ಒಪ್ಪಿಸತೊಡಗಿದಳು.

"ಸಾಕು ಮಾಡವ್ವಾ!" ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. "ಕಾಲೇಜಿನ್ಯಾಗಿದ್ದಾಗ ನಾನೂ ಇವೇ ಗುಳಿಗಿ ನುಂಗೀನಿ. ಎಲ್ಲಾ ಕಲ್ತೇ ಬಂದ್ರ ನಾವೇನು ಕಲಿಸಬೇಕು?" ಎನ್ನುತ್ತಲೇ 'ಫಿಟ್' ಎಂದು ಸಹಿ ಹಾಕಿದರು.

ನಾಲ್ಕು ವರ್ಷ ಓಣಿಗೆಲ್ಲ ಟೈಫಾಯ್ಡ್ ಎಂದು ಸುಳ್ಳು ಹೇಳಿದ್ದವಳು ನಾನು. ಮರಳುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ, ಆಕೆ ಕೇಳದಿದ್ದರೂ, ಹೇಳಿಯೇಬಿಟ್ಟೆ: "ನಮ್ಮ ಮಗಳಿಗಿ ಟಿ.ಬಿ. ಆಗಿತ್ರಿ. ಈಗ ಡಾಕ್ಟರ್ ಆಗಾಕತ್ತಾಳ!"