ಡೈರಿ ಸೆಕ್ರೆಟರಿ ಮತ್ತು ನನ್ನ ಸೇಡು

ನಮ್ಮೂರ ಡೈರಿ ಸೆಕ್ರೆಟರಿಯ ಮೂಗು ಎಡಕ್ಕೆ ವಾಲಿತ್ತು. ಕುಡಿಯುತ್ತಿದ್ದ ಕಾಲದಲ್ಲಿ ಸೈಕಲ್ಲಿನಿಂದ ಹಾಲಿನ ಕ್ಯಾನಿನ ಮೇಲೆ ಬಿದ್ದು ಮುರಿದುಕೊಂಡದ್ದು. ಆದರೆ ಆ ಸೊಟ್ಟ ಮೂಗಿಗೆ ಯಾವ ವಾಸನೆಯೂ ತಪ್ಪುತ್ತಿರಲಿಲ್ಲ. ಲ್ಯಾಕ್ಟೋಮೀಟರ್ ಇಳಿಸುವ ಮುಂಚೆ ಹಾಲನ್ನು ಒಮ್ಮೆ ಮೂಸುವುದು ಅವರ ಅಭ್ಯಾಸ. ಒಂದು ಬೆಳಿಗ್ಗೆ ನನ್ನ ಕ್ಯಾನನ್ನು ಮೂಸಿದರು, ಆಮೇಲೆ ನನ್ನ ಕಡೆಗೂ ಬಾಗಿದರು. "ಹಾಲು ಸರಿಯಾಗೈತೆ. ತಂದೋನೇ ಹುಳಿ," ಎಂದು ಸಾಲಿನಲ್ಲಿದ್ದವರಿಗೆ ಕೇಳಿಸದಂತೆ ಹೇಳಿದರು.

ಕುಡಿತ ನನಗೆ ಮೊದಲಿನಿಂದಲೂ ಇತ್ತು. ಅದು ಹೊತ್ತುಗೊತ್ತಿಲ್ಲದಂತಾದದ್ದು ಭಾವನ ಮೇಲಿನ ಸಿಟ್ಟಿಗೆ. ಅಕ್ಕನನ್ನು ಊರಲ್ಲೇ ಕೊಟ್ಟಿತ್ತು. ಅಮ್ಮ ತೀರಿಕೊಂಡ ದಿನ, ಚಟ್ಟ ಎತ್ತುವ ಹೊತ್ತಿಗೆ, ಬೆಂಕಿ ಮಡಕೆ ಹಿಡಿದು ಮುಂದೆ ನಿಂತಿದ್ದ ನನ್ನ ಕೈಯಿಂದ ಈ ಭಾವ ಅದನ್ನು ಕಿತ್ತುಕೊಂಡ. "ಕುಡುಕನ ಕೈಗೆ ಬೆಂಕಿ ಕೊಟ್ಟೋರ್ಯಾರು?" ಎಂದು ಊರೆಲ್ಲ ಕೇಳುವಂತೆ ಕೂಗಿ, ತನ್ನ ಮಗನ ಕೈಗೆ ಕೊಟ್ಟ. ಒಬ್ಬನೇ ಮಗ ನಾನು, ಚಟ್ಟದ ಹಿಂದೆ ನಡೆದೆ. ಕುಡಿದಿದ್ದೆ, ನಿಜ. ಆದರೂ ಒಂದು ದಿನ ಇವನನ್ನು ಹೀಗೇ ಹತ್ತು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡುತ್ತೇನೆ ಎಂದು ಅಮ್ಮನ ಆಣೆ ಇಟ್ಟುಕೊಂಡೆ.

ಮರೆತುಬಿಡು ಎಂದವರೇ ಎಲ್ಲರೂ. ಸೆಕ್ರೆಟರಿ ಒಬ್ಬರು ಹಾಗನ್ನಲಿಲ್ಲ. "ಸೇಡು ಇಟ್ಕೋ, ಬೇಡ ಅನ್ನಲ್ಲ. ತೀರಿಸೋ ದಿನ ಕಾಲು ನೆಟ್ಟಗಿರ್ಬೇಕಲ್ಲ? ಭಾನುವಾರ ನನ್ ಜೊತೆ ಬಾ," ಎಂದರು.

ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರಿ ಮಾತಾಡಿಕೊಳ್ಳುವ ಸಭೆಗಳಿಗೆ ಅವರು ಎಷ್ಟೋ ವರ್ಷಗಳಿಂದ ಹೋಗುತ್ತಿದ್ದರು. ಮೊದಲು ಕೋಲಾರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಇಸ್ತ್ರಿ ಅಂಗಿಯವರೇ ಹೆಚ್ಚು, ಎಲ್ಲರ ಬಾಯಲ್ಲೂ ಕ್ಷಮೆಯ ಮಾತು. ನಾನು ಟೀ ಕುಡಿಯಲು ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯಲಿಲ್ಲ. ಮಾಲೂರಿನಲ್ಲಿ ಫ್ಯಾಕ್ಟರಿ ಶಿಫ್ಟಿಗೆ ಓಡುವವರು, ನನ್ನ ಸರದಿ ಬರುವಷ್ಟರಲ್ಲಿ ಸಭೆಯೇ ಮುಗಿಯಿತು. ಮುಳಬಾಗಿಲಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ವೆಲ್ಡಿಂಗ್ ಕೆಲಸದ ಸಾಬರೊಬ್ಬರು ಎದ್ದು, "ನಮ್ ತಮ್ಮನ್ ಮುಖ ನೋಡಿದ್ರೆ ಇವತ್ತೂ ಮೈ ಉರೀತದೆ. ಆದ್ರೂ ಇವತ್ತು ಕುಡ್ದಿಲ್ಲ," ಎಂದು ಕೂತರು. ನಾನು ಎದ್ದು ಭಾವನನ್ನು ಬಾಯಿಗೆ ಬಂದಂತೆ ಬೈದೆ. ಯಾರೂ ತಡೆಯಲಿಲ್ಲ. ಬಸ್ಸಿನಲ್ಲಿ ಸೆಕ್ರೆಟರಿ, "ಸಿಕ್ತಲ್ಲ, ಇದೇ ನಿನ್ ಮೀಟಿಂಗು," ಎಂದರು.

ಆದರೂ ನನಗೊಂದು ಅನುಮಾನ. ಹತ್ತಿರದ ಶ್ರೀನಿವಾಸಪುರದಲ್ಲೇ ಸಭೆ ನಡೆಯುವಾಗ ಎರಡು ಬಸ್ಸು ಬದಲಿಸಿ ಮುಳಬಾಗಿಲಿಗೆ ಏಕೆ? ಕೇಳಿದರೆ, "ಅಲ್ಲಿ ನಿಂಗೆ ಒಗ್ಗಲ್ಲ ಕಣೋ," ಎಂದಷ್ಟೇ ಹೇಳುತ್ತಿದ್ದರು. ನನ್ನ ಜೊತೆ ಕಾಣಿಸಿಕೊಳ್ಳಲು ಇವರಿಗೆ ನಾಚಿಕೆ ಎಂದುಕೊಂಡೆ. ಕುಡಿತ ಬಿಟ್ಟು ಆರು ತಿಂಗಳಾದ ಮೇಲೆ ಒಂದು ಸಂಜೆ ಹಟಕ್ಕೆ ಬಿದ್ದು ಒಬ್ಬನೇ ಶ್ರೀನಿವಾಸಪುರಕ್ಕೆ ಹೋದೆ. ಸಭೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಭಾವನ ದನಿ ಕೇಳಿಸಿತು.

"ನಮ್ಮತ್ತೆ ಸತ್ತ ದಿನ ನಾನೂ ಕುಡ್ದಿದ್ದೆ. ಯಾರ್ಗೂ ಗೊತ್ತಾಗ್ಬಾರ್ದು ಅಂತ ಏಲಕ್ಕಿ ಅಗ್ಕೊಂಡು ಬಾಮೈದನ್ ಕೈಯಿಂದ ಮಡಕೆ ಕಿತ್ಕೊಂಡೆ."

ಅಳುತ್ತಿದ್ದ. ನನಗೆ ಮರುಕ ಹುಟ್ಟಲಿಲ್ಲ. ಸುಳ್ಳೇಕೆ, ಹಬ್ಬ ಬಂದಂತಾಯಿತು. ಒಳಗೆ ಹೋಗದೆ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಬಂದೆ.

ಮರುದಿನ ಡೈರಿಯ ಸಾಲಿನಲ್ಲಿ ಭಾವ ನನಗಿಂತ ಮುಂದೆ ಕ್ಯಾನ್ ಹಿಡಿದು ನಿಂತಿದ್ದ. ಸುತ್ತ ಅರ್ಧ ಊರು. ಬಾಯಿ ತೆರೆಯುವಷ್ಟರಲ್ಲಿ ಸೆಕ್ರೆಟರಿ ನನ್ನ ಮುಖ ನೋಡಿ, ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು.

"ಏನ್ಲಾ, ಹೋಗಿದ್ಯಾ ಅಲ್ಲಿಗೆ?"

"ಇವತ್ತು ಅವನನ್ನ ಬಿಡಲ್ಲ ಅಣ್ಣಾ. ನಿಮಗೆ ಎಲ್ಲಾ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಿ!"

"ಮೀಟಿಂಗಲ್ಲಿ ನೀನಾಡಿದ್ದೂ ಗೊತ್ತಿತ್ತಲ್ಲ, ಯಾರ್ಗಾದ್ರೂ ಹೇಳಿದ್ನಾ? ಅಲ್ಲಿ ಕೇಳಿದ್ದನ್ನ ಇಲ್ಲಿ ಆಡಿದ್ರೆ ಅವನು ಸಂಜೆಗೇ ಬಾಟ್ಲು ಹಿಡೀತಾನೆ. ಆಮೇಲೆ ಮುಳಬಾಗಿಲಲ್ಲಿ ನೀನು ಯಾವ ನಂಬಿಕೆ ಮೇಲೆ ಬಾಯಿ ಬಿಡ್ತೀಯ?"

ಬಾಟ್ಲಿನ ಮಾತು ನನಗೆ ತಾಗಲೇ ಇಲ್ಲ. ಅವನು ಕುಡಿದು ಸತ್ತರೆ ಸಾಯಲಿ ಅನ್ನಿಸಿತ್ತು. ತಾಗಿದ್ದು ಮುಳಬಾಗಿಲಿನ ಮಾತು. ಹಾಲು ಹಾಕಿ, ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ. ಆ ಮಾತನ್ನು ಅಕ್ಕನಿಗೂ ಹೇಳಲಿಲ್ಲ.

ಹೋದ ವರ್ಷ ಹಾಲು ಅಳೆಯುತ್ತಲೇ ಸೆಕ್ರೆಟರಿ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಚಟ್ಟ ಎತ್ತುವಾಗ ಹೆಗಲು ಕೊಡಲು ಭಾವನೂ ಬಂದು ನಿಂತ. ಸೆಕ್ರೆಟರಿಯ ಹೆಂಡತಿ ಅಳುತ್ತಲೇ ನನ್ನ ಹತ್ತಿರ ಬಂದರು.

"ಮಡಕೆ ನೀನೇ ಹಿಡೀಬೇಕಂತೆ ಕಣಪ್ಪ. ಆಸ್ಪತ್ರೇಲಿ ಹೇಳಿದ್ರು. ಊರೋರೆಲ್ಲ ನೋಡ್ಲಿ ಅಂದ್ರು."

ಹಿಡಿದೆ. ತಿರುಗಿ ಭಾವನನ್ನೇ ದುರುಗುಟ್ಟಿ ನೋಡಿದೆ. ಹತ್ತು ಜನರ ಮುಂದೆ ಅವನು ತಲೆ ತಗ್ಗಿಸಿದ. ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸು ಎಂದು ಸೆಕ್ರೆಟರಿ ಒಂದು ದಿನವೂ ಕೇಳಲಿಲ್ಲ. ಅವನು ಹೆಗಲು ಕೊಟ್ಟ ಚಟ್ಟದ ಮುಂದೆ, ಬೆಂಕಿ ಹಿಡಿದು, ಸ್ಮಶಾನದವರೆಗೂ ನೆಟ್ಟಗೆ ನಡೆದೆ.